ಲಿಂಕನ್‌ಗೇ ಸಿಗದ ಮುತ್ತಾತ: ಅಮೆರಿಕದ ಹಳೆಯ ವಂಶ ಹುಡುಕುವವರಿಗೆ ಏಳು ಸೂತ್ರ

ಹಿಸ್ಟರಿ ಎಂ.ಎ. ಪ್ರಾಜೆಕ್ಟ್‌ಗೋ ರೆಕಾರ್ಡ್ ರಿಸರ್ಚ್ ಕೆಲಸಕ್ಕೋ ಅಮೆರಿಕದ ಹಳೆಯ ಕುಟುಂಬವೊಂದು ನಿಮ್ಮ ಪಾಲಿಗೆ ಬಂದಿದೆಯೇ? 'ಮುನ್ನೂರು ವರ್ಷದ ಹಿಂದಿನದು ಎಲ್ಲಿ ಸಿಗುತ್ತೆ' ಅನ್ನುವ ಚಾಳಿ ಮೊದಲು ಬಿಡಿ. ಎತ್ತಿನ ಮೇಲೆ ಬಂದು ವಂಶಾವಳಿ ಹೇಳುವ ನಮ್ಮ ಹೆಳವರಂಥವರು ಅಲ್ಲಿಲ್ಲ, ನಿಜ. ಆದರೆ ಕೋರ್ಟಿನ ಕಾಗದ ಧಾರಾಳವಾಗಿದೆ. ಅಬ್ರಹಾಂ ಲಿಂಕನ್ 1859ರಲ್ಲಿ ತಮ್ಮ ಬಗ್ಗೆ ಬರೆದುಕೊಟ್ಟಾಗ, ಹಿರಿಯರು ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯಿಂದ ಬಂದವರು ಎಂಬಲ್ಲಿಗೆ ನಿಂತರು. ಮುಂದೆ ಸಂಶೋಧಕರು ಅದೇ ವಂಶವನ್ನು 1637ರಲ್ಲಿ ಇಂಗ್ಲೆಂಡಿನಿಂದ ಬಂದ ಸ್ಯಾಮ್ಯುಯೆಲ್ ಲಿಂಕನ್‌ವರೆಗೆ ಒಯ್ದು ಮುಟ್ಟಿಸಿದರು. ಅವರ ದಾರಿ ನಿಮಗೂ ತೆರೆದಿದೆ.

1. ಗೊತ್ತಿರುವವರಿಂದ ಹಿಂದಕ್ಕೆ ನಡೆಯಿರಿ.
ಒಂದು ಸಲಕ್ಕೆ ಒಂದೇ ತಲೆಮಾರು. ಹೆಸರು ಹೊಂದಿತು ಅಂತ ಹಾರಬೇಡಿ. ಅಬ್ರಹಾಂ ಲಿಂಕನ್ ಮನೆತನದ ಹಾಗೆಯೇ ನ್ಯೂ ಇಂಗ್ಲೆಂಡಿನ ಲಿಂಕನ್‌ಗಳಲ್ಲೂ ಮೊರ್ಡೆಕೈ, ಲೀವೈ, ಈನಕ್ ಎಂಬ ಹೆಸರಿನವರು ಇದ್ದರು. ಬರೀ ಹೆಸರಿನ ಹೋಲಿಕೆಯಿಂದ ಏನೂ ಖಚಿತವಾಗಲಿಲ್ಲ ಎಂದು ಲಿಂಕನ್ ಅವರೇ ಬರೆದಿದ್ದಾರೆ.

2. ಸೆನ್ಸಸ್‌ನ ಮಿತಿ ತಿಳಿದುಕೊಳ್ಳಿ.
ಮೊದಲ ಗಣತಿ 1790ರದು. 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ಸಂಖ್ಯೆ. 1850ರಿಂದ ಸ್ವತಂತ್ರರೆಲ್ಲರ ಹೆಸರು ಸಿಗುತ್ತದೆ. ಗುಲಾಮರಾಗಿದ್ದವರನ್ನು ಆಗಲೂ ಬಹುಪಾಲು ಒಡೆಯನ ಹೆಸರಿನಡಿ ವಯಸ್ಸು, ಲಿಂಗ ಎಂದಷ್ಟೇ ಬರೆದರು. ಅಂಥ ಕುಟುಂಬಕ್ಕೆ 1870ರ ಗಣತಿ ಹಿಡಿಯಿರಿ. 1890ರದಕ್ಕೆ ಕಾಯಬೇಡಿ. 1921ರ ಬೆಂಕಿಯ ದೆಸೆಯಿಂದ ಅದರ ಬಹುಭಾಗ ಇಲ್ಲವಾಗಿದೆ.

3. ಹೆಸರಿಗಿಂತ ಮೊದಲು ಕೌಂಟಿ ಹುಡುಕಿ.
ಇದೊಂದನ್ನು ಪಕ್ಕಾ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಅಮೆರಿಕದಲ್ಲಿ ಆಸ್ತಿ, ಮದುವೆ, ಉಯಿಲಿನ ದಾಖಲೆ ಬಹುತೇಕ ಕೌಂಟಿ ಕೋರ್ಟಿನಲ್ಲಿ ಇರುತ್ತದೆ, ಕೌಂಟಿಗಳೋ ಒಡೆಯುತ್ತಲೇ ಹೋದವು. ಲಿಂಕನ್ ಮುತ್ತಾತನ ತಂದೆ ಮೊರ್ಡೆಕೈ ತೀರಿಕೊಂಡದ್ದು 1736ರಲ್ಲಿ, ಈಗಿನ ಬರ್ಕ್ಸ್‌ನಲ್ಲಿ. ಬರ್ಕ್ಸ್ ಕೌಂಟಿ ಆದದ್ದೇ 1752ರಲ್ಲಿ! ಹಾಗಾಗಿ ಅವನ ಉಯಿಲನ್ನು, ಆ ಜಾಗ ಆಗ ಸೇರಿದ್ದ ಫಿಲಡೆಲ್ಫಿಯಾದಲ್ಲಿ ಹುಡುಕಬೇಕು. ಕೆಂಟಕಿ ಕೂಡ 1792ರವರೆಗೆ ವರ್ಜೀನಿಯಾದ ಭಾಗ.

ಪಕ್ಕದ ಕೌಂಟಿಯನ್ನೂ ಬಿಡಬೇಡಿ. ಲಿಂಕನ್ ತಂದೆ-ತಾಯಿಯ ಮದುವೆ ದಾಖಲೆಯನ್ನು ಅವರು ಸಂಸಾರ ಹೂಡಿದ ಹಾರ್ಡಿನ್ ಕೌಂಟಿಯಲ್ಲಿ ಹುಡುಕಿದರು. ಸಿಗಲಿಲ್ಲ. ಮದುವೆಯೇ ಆಗಿರಲಿಲ್ಲ ಎಂದು ಜನ ಆಡಿಕೊಂಡರು. ಆದರೆ 1806ರ ಆ ಮದುವೆಯ ಬಾಂಡ್ (ಮುಚ್ಚಳಿಕೆ) ವಾಷಿಂಗ್ಟನ್ ಕೌಂಟಿಯ ಕೋರ್ಟಿನಲ್ಲಿ ಸುಮ್ಮನೆ ಕೂತಿತ್ತು. ನೋಡಿ, ಹುಡುಕುವವರು ಬೇಗ ಕೈಚೆಲ್ಲಿದರೆ ಸತ್ತವರ ಮಾನವೂ ಹೋಗುತ್ತದೆ.

4. ಉಯಿಲು, ಕ್ರಯಪತ್ರ ಪೂರ್ತಿ ಓದಿ.
ಇಂಡೆಕ್ಸ್ ನೋಡಿ ನಿಲ್ಲಿಸುವವರು ಸೋಲುತ್ತಾರೆ. ಮೊರ್ಡೆಕೈನ ಉಯಿಲು ಮಗ ಜಾನ್‌ಗೆ ನ್ಯೂಜೆರ್ಸಿಯ ಜಮೀನು ಬರೆದುಕೊಡುತ್ತದೆ: ಒಂದೇ ವಾಕ್ಯದಲ್ಲಿ ಅಪ್ಪ, ಮಗ, ಎರಡು ವಸಾಹತು. ಆ ಜಾನ್ ಮುಂದೆ ವರ್ಜೀನಿಯಾಕ್ಕೆ ಹೋದ. ಅವನೇ ಲಿಂಕನ್ ಮುತ್ತಾತ. ಕ್ರಯಪತ್ರದಲ್ಲಿ ಹೆಂಡತಿಯ ಒಪ್ಪಿಗೆಯನ್ನೂ ಗಮನಿಸಿ. ಎಷ್ಟೋ ಹೆಂಗಸರ ಹೆಸರು ಉಳಿದಿರುವುದು ಆ ಒಂದು ಸಾಲಿನಲ್ಲಿ ಮಾತ್ರ.

5. ನೆರೆಹೊರೆಯನ್ನು ಹಿಂಬಾಲಿಸಿ.
ಜನ ಒಂಟಿಯಾಗಿ ವಲಸೆ ಹೋಗುತ್ತಿರಲಿಲ್ಲ. ಬರ್ಕ್ಸ್‌ನಲ್ಲಿ ಲಿಂಕನ್‌ಗಳೂ ಗಡಿನಾಡಿನ ಸಾಹಸಿ ಡೇನಿಯಲ್ ಬೂನ್ ಕುಟುಂಬದವರೂ ನೆರೆಯವರು, ಬೀಗರು; ಎರಡೂ ಮನೆತನದವರು ಮುಂದೆ ಕೆಂಟಕಿ ಸೇರಿದರು. ನಿಮ್ಮವನು ಕಾಣೆಯಾದರೆ ಅವನ ಕಾಗದಪತ್ರಕ್ಕೆ ಸಾಕ್ಷಿ ಹಾಕಿದವನ ಬೆನ್ನು ಹತ್ತಿ.

6. ಸ್ಪೆಲ್ಲಿಂಗ್, ತಾರೀಖು ಎರಡನ್ನೂ ಅನುಮಾನಿಸಿ.
ಲಿಂಕನ್ ತಾತನ ಜಮೀನಿನ ದಾಖಲೆಯಲ್ಲಿ 'ಲಿಂಕ್‌ಹಾರ್ನ್' ಎಂದಿದೆ. ಕಿವಿಗೆ ಬಿದ್ದದ್ದನ್ನು ಗುಮಾಸ್ತ ಬರೆದ, ಅಷ್ಟೇ. 1752ಕ್ಕೆ ಮುಂಚೆ ಇಂಗ್ಲಿಷ್ ವಸಾಹತುಗಳಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಹಳೆ ಲೆಕ್ಕದಲ್ಲಿ 1731ರ ಫೆಬ್ರವರಿ 11, ಹೊಸ ಲೆಕ್ಕದಲ್ಲಿ 1732ರ ಫೆಬ್ರವರಿ 22. ಇದು ಗೊತ್ತಿಲ್ಲದಿದ್ದರೆ ತಾಯಿಯ ಮದುವೆಗೆ ಮುಂಚೆ ಮಗು ಹುಟ್ಟಿಸಿಬಿಡುತ್ತೀರಿ.

7. ರೆಡಿಮೇಡ್ ವಂಶವೃಕ್ಷ ನಂಬಬೇಡಿ.
ಗುಸ್ತಾವ್ ಆಂಜೂ ಎಂಬಾತ ಅಮೆರಿಕದ ಶ್ರೀಮಂತರಿಗೆ ನಕಲಿ ವಂಶಾವಳಿ ಮಾರಿ ಬದುಕಿದ. ಅವನ ಕಟ್ಟುಕಥೆಗಳು ಇವತ್ತಿನ ಆನ್‌ಲೈನ್ ಮರಗಳಲ್ಲೂ ಚಿಗುರುತ್ತಿವೆ. ಪ್ರತಿ ಕೊಂಡಿಗೂ ಕಾಗದ ಕೇಳಿ. ಫ್ಯಾಮಿಲಿಸರ್ಚ್ ಎಂಬ ಜಾಲತಾಣದಲ್ಲಿ ಉಚಿತ ಅಕೌಂಟ್ ತೆರೆದು, ಕ್ಯಾಟಲಾಗ್‌ನಲ್ಲಿ ವ್ಯಕ್ತಿಯ ಹೆಸರಿನ ಬದಲು ಕೌಂಟಿಯ ಹೆಸರು ಹಾಕಿ. ಇಂಡೆಕ್ಸ್ ಆಗದ ರಿಜಿಸ್ಟರುಗಳು ಅಲ್ಲಿ ರಾಶಿ ರಾಶಿ ಇವೆ. ಉಯಿಲಿನ ಸಂಪುಟದಿಂದ ಶುರುಮಾಡಿ, ಒಂದೊಂದೇ ಪುಟ ತಿರುವಿ.