ಹೊಸ ಕಂಪ್ಯೂಟರಿಗೆ ಹಳೆಯ ಮಾನಿಟರು

ಕಾಲೇಜನ್ನು ಸೇರಿದ ವಿದ್ಯಾರ್ಥಿಗೆ ಮನೆಯವರು ಹೇಗೋ ಹಣವನ್ನು ಹೊಂದಿಸಿ ಒಂದು ಹೊಸ ಲ್ಯಾಪ್‌ಟಾಪನ್ನು ಕೊಡಿಸುತ್ತಾರೆ. ಅದರ ತೆರೆ ಹದಿನಾಲ್ಕೋ ಹದಿನೈದೋ ಅಂಗುಲ. ಪಾಠದ ಪುಟವನ್ನು ಒಂದು ಕಡೆ, ತಾನು ಬರೆಯುತ್ತಿರುವ ಪ್ರೋಗ್ರಾಮನ್ನು ಇನ್ನೊಂದು ಕಡೆ ತೆರೆದಿಟ್ಟುಕೊಂಡು ಕೆಲಸ ಮಾಡಲು ಅಷ್ಟು ಜಾಗ ಸಾಲದು. ದೊಡ್ಡ ಮಾನಿಟರೊಂದು ಬೇಕೆನಿಸುತ್ತದೆ; ಆದರೆ ಕೈಯಲ್ಲಿ ಉಳಿದಿರುವ ಹಣ ಸ್ವಲ್ಪವೇ. ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಾಗಲಿ, ಇತರ ಊರುಗಳ ರಿಪೇರಿ ಅಂಗಡಿಗಳಲ್ಲಾಗಲಿ, ಕಚೇರಿಗಳು ತೆಗೆದುಹಾಕಿದ ಹಳೆಯ ಮಾನಿಟರುಗಳು ಹೊಸದಕ್ಕಿಂತ ಬಹಳ ಕಡಿಮೆ ಬೆಲೆಗೆ ದೊರೆಯುವುದುಂಟು. ಅಂಥದೊಂದನ್ನು ಮನೆಗೆ ತಂದು ನೋಡಿದರೆ, ಅದರ ಬೆನ್ನಿನ ಮೇಲಿರುವ ಪೋರ್ಟಿಗೂ ಲ್ಯಾಪ್‌ಟಾಪಿನ ಪಕ್ಕದಲ್ಲಿರುವ ಪೋರ್ಟಿಗೂ ಆಕಾರದಲ್ಲಿಯೇ ಹೊಂದಿಕೆಯಿಲ್ಲ. ಆಗ ಒಂದು ಕೇಬಲನ್ನು ಕೊಂಡು, ಅದು ಕೆಲಸ ಮಾಡದಿರಲು ಇನ್ನೊಂದನ್ನು ಕೊಂಡು, ಮಾನಿಟರಿನಲ್ಲಿ ಉಳಿಸಿದ ಹಣವನ್ನು ಕೇಬಲುಗಳಲ್ಲಿ ಕಳೆದವರು ಅನೇಕರು.

ಈ ನಷ್ಟಕ್ಕೆ ಮುಖ್ಯ ಕಾರಣ ಪೋರ್ಟಿನ ಆಕಾರವನ್ನು ಮಾತ್ರ ನೋಡಿ ವ್ಯಾಪಾರ ಮಾಡುವುದು. ಆಕಾರವೆಂಬುದು ಒಂದು ವಿಷಯ. ಅದರ ಮೂಲಕ ಹರಿಯುವ ಸಂಕೇತದ ಜಾತಿ ಎರಡನೆಯದು. ಸೆಕೆಂಡಿಗೆ ಎಷ್ಟು ಸಂಕೇತ ಹರಿಯಬಲ್ಲುದೆಂಬುದು ಮೂರನೆಯದು. ಈ ಮೂರನೆಯದನ್ನು ಪ್ರೌಢಶಾಲೆಯ ಗುಣಾಕಾರದಿಂದಲೇ ಲೆಕ್ಕ ಹಾಕಬಹುದಾದ್ದರಿಂದ ಅಲ್ಲಿಂದ ಆರಂಭಿಸೋಣ.

ಈಗ ಸಾಮಾನ್ಯವಾಗಿ ಸಿಕ್ಕುವ ‘ಫುಲ್ ಎಚ್‌ಡಿ’ ಮಾನಿಟರಿನಲ್ಲಿ ಅಡ್ಡಲಾಗಿ ೧೯೨೦, ಉದ್ದಕ್ಕೆ ೧೦೮೦ ಚಿತ್ರಬಿಂದುಗಳಿವೆ; ಒಟ್ಟು ೨೦,೭೩,೬೦೦. ಪ್ರತಿಯೊಂದು ಬಿಂದುವಿನ ಬಣ್ಣವನ್ನು ಹೇಳಲು ಕೆಂಪು, ಹಸುರು, ನೀಲಿ ಒಂದೊಂದಕ್ಕೆ ೮ರಂತೆ ೨೪ ಬಿಟ್‌ಗಳು ಬೇಕು. ಚಿತ್ರವನ್ನು ಸೆಕೆಂಡಿಗೆ ೬೦ ಸಲ ಹೊಸದಾಗಿ ಕಳುಹಿಸಬೇಕು. ಈ ಮೂರು ಸಂಖ್ಯೆಗಳನ್ನು ಗುಣಿಸಿದರೆ ಸೆಕೆಂಡಿಗೆ ೨೯೮ ಕೋಟಿ ೫೯ ಲಕ್ಷ ೮೪ ಸಾವಿರ ಬಿಟ್‌ಗಳಾಗುತ್ತವೆ. ತೆರೆಯ ಮೇಲೆ ಏನೂ ಚಲಿಸದೆ ಒಂದೇ ಪುಟ ನಿಂತಿದ್ದರೂ ಸಾಮಾನ್ಯವಾಗಿ ಈ ಪ್ರವಾಹ ನಿಲ್ಲುವುದಿಲ್ಲ.

ವಾಸ್ತವವಾಗಿ ಕೇಬಲಿನಲ್ಲಿ ಹರಿಯುವುದು ಇದಕ್ಕಿಂತಲೂ ಹೆಚ್ಚು. ಅದರ ಕಾರಣ ಬಹು ಸ್ವಾರಸ್ಯವಾದದ್ದು. ಹಿಂದಿನ ಟೆಲಿವಿಷನ್ನಿನ ಗಾಜಿನ ಕೊಳವೆಯಲ್ಲಿ ಎಲೆಕ್ಟ್ರಾನುಗಳ ಕಿರಣವೊಂದು ತೆರೆಯ ಮೇಲೆ ಎಡದಿಂದ ಬಲಕ್ಕೆ ಗೆರೆ ಎಳೆಯುತ್ತಿತ್ತು. ಗೆರೆ ಮುಗಿದ ಮೇಲೆ ಎಡಕ್ಕೂ, ಪುಟ ಮುಗಿದ ಮೇಲೆ ನೆತ್ತಿಗೂ ಹಿಂತಿರುಗಬೇಕಾಗಿತ್ತು. ಅದನ್ನು ತಿರುಗಿಸುವ ಕಾಂತಕ್ಷೇತ್ರವನ್ನು ಕ್ಷಣಮಾತ್ರದಲ್ಲಿ ಬದಲಾಯಿಸುವುದು ಸಾಧ್ಯವಿರಲಿಲ್ಲ. ಆದುದರಿಂದ ಪ್ರತಿ ಗೆರೆಯ ಕೊನೆಯಲ್ಲಿಯೂ ಪ್ರತಿ ಪುಟದ ಕೊನೆಯಲ್ಲಿಯೂ ಚಿತ್ರವಿಲ್ಲದ ಸ್ವಲ್ಪ ಬಿಡುವನ್ನು ಇಡಲಾಯಿತು. ಈಗಿನ ಚಪ್ಪಟೆ ತೆರೆಯಲ್ಲಿ ಕಿರಣವೂ ಇಲ್ಲ, ಅದು ಹಿಂತಿರುಗುವ ಶ್ರಮವೂ ಇಲ್ಲ. ಬಿಡುವು ಮಾತ್ರ ಉಳಿದುಬಂದಿದೆ. ೧೯೨೦×೧೦೮೦ರ ಚಿತ್ರವನ್ನು ೨೨೦೦×೧೧೨೫ರ ಚೌಕಟ್ಟಿನಲ್ಲಿಟ್ಟು ಕಳುಹಿಸುವುದು ರೂಢಿ. ಹೀಗಾಗಿ ೨೯೯ ಕೋಟಿಯ ಬದಲು ಸುಮಾರು ೩೫೬ ಕೋಟಿ ಬಿಟ್‌ಗಳಿಗೆ ದಾರಿ ಬೇಕಾಗುತ್ತದೆ. ಈ ಬಿಡುವು ಪೂರ್ತಿ ವ್ಯರ್ಥವೆಂದು ತಿಳಿಯಬಾರದು. ಎಚ್‌ಡಿಎಂಐ ಎಂಬ ಏರ್ಪಾಟಿನಲ್ಲಿ ಧ್ವನಿಯನ್ನು ಈ ಬಿಡುವಿನ ಕಾಲದಲ್ಲಿಯೇ ಕಳುಹಿಸುತ್ತಾರೆ.

ಇನ್ನು ದಾರಿ ಎಷ್ಟು ಅಗಲ? ೨೦೦೨ರಲ್ಲಿ ಹೊರಬಂದ ಮೊದಲನೆಯ ಎಚ್‌ಡಿಎಂಐಯಲ್ಲಿ ಸೆಕೆಂಡಿಗೆ ೪೯೫ ಕೋಟಿ ಬಿಟ್‌ಗಳು ಹರಿಯಬಹುದಾಗಿತ್ತು. ಆದರೆ ಸಂಕೇತ ದಾರಿಯಲ್ಲಿ ಕೆಡದಿರಲೆಂದು ಪ್ರತಿ ೮ ಬಿಟ್‌ಗಳನ್ನು ೧೦ ಬಿಟ್‌ಗಳ ರೂಪಕ್ಕೆ ಮಾರ್ಪಡಿಸಿ ಕಳುಹಿಸುತ್ತಾರಾದ್ದರಿಂದ ಐದರಲ್ಲಿ ಒಂದು ಪಾಲನ್ನು ಕಳೆಯಬೇಕು. ಉಳಿಯುವುದು ೩೯೬ ಕೋಟಿ. ನಮಗೆ ಬೇಕಾದದ್ದು ೩೫೬. ಆದುದರಿಂದ ಎಷ್ಟು ಹಳೆಯ ಎಚ್‌ಡಿಎಂಐಯಾದರೂ ಫುಲ್ ಎಚ್‌ಡಿ ಮಾನಿಟರಿಗೆ ಸಾಕು. ದುಬಾರಿ ಕೇಬಲನ್ನು ತೋರಿಸುವ ಅಂಗಡಿಯವನಿಗೆ ಈ ಎರಡು ಸಂಖ್ಯೆಗಳನ್ನು ಹೇಳಬಹುದು.

‘೪ಕೆ’ ಎಂಬ ಮಾನಿಟರಿಗೆ ಬಂದಾಗ ಲೆಕ್ಕ ಬದಲಾಗುತ್ತದೆ. ಅದರಲ್ಲಿ ೩೮೪೦×೨೧೬೦ ಬಿಂದುಗಳು, ಎಂದರೆ ಫುಲ್ ಎಚ್‌ಡಿಯ ನಾಲ್ಕರಷ್ಟು. ಬೇಕಾದ ಪ್ರವಾಹವೂ ನಾಲ್ಕರಷ್ಟು: ಸೆಕೆಂಡಿಗೆ ಸುಮಾರು ೧೪೨೬ ಕೋಟಿ. ೨೦೦೯ರ ಎಚ್‌ಡಿಎಂಐ ೧.೪ರಲ್ಲಿ ಐದರಲ್ಲೊಂದು ಪಾಲನ್ನು ಕಳೆದ ಮೇಲೆ ಉಳಿಯುವುದು ೮೧೬ ಕೋಟಿ ಮಾತ್ರ. ಆ ದಾರಿಯಲ್ಲಿ ೪ಕೆ ಚಿತ್ರವನ್ನು ಸೆಕೆಂಡಿಗೆ ೬೦ ಸಲ ಕಳುಹಿಸಲಾಗದು. ೩೦ ಸಲ ಕಳುಹಿಸಬಹುದು, ಏಕೆಂದರೆ ಅದಕ್ಕೆ ೭೧೩ ಕೋಟಿ ಸಾಕು. ೨೦೧೩ರ ಎಚ್‌ಡಿಎಂಐ ೨.೦ರಲ್ಲಿ ಉಳಿಯುವುದು ೧೪೪೦ ಕೋಟಿ. ೧೪೨೬ ಅದರಲ್ಲಿ ಕಷ್ಟದಿಂದ, ಆದರೆ ಸರಿಯಾಗಿ, ಹಿಡಿಯುತ್ತದೆ. ಅಗ್ಗದ ಹಬ್ಬುಗಳ ಪೆಟ್ಟಿಗೆಯ ಮೇಲೆ ‘೪ಕೆ’ ಎಂಬುದು ದೊಡ್ಡಕ್ಷರದಲ್ಲಿಯೂ ‘೩೦’ ಎಂಬುದು ಸಣ್ಣಕ್ಷರದಲ್ಲಿಯೂ ಅಚ್ಚಾಗಿರುವುದರ ಗುಟ್ಟು ಇದೇ. ಸೆಕೆಂಡಿಗೆ ೩೦ ಸಲ ಬದಲಾಗುವ ತೆರೆಯಲ್ಲಿ ಓದುವುದಕ್ಕೆ ಅಡ್ಡಿಯಿಲ್ಲ. ಆದರೆ ಮೌಸನ್ನು ಸರಿಸಿದರೆ ಬಾಣದ ಗುರುತು ಕೈಯ ಹಿಂದೆ ಎಳೆದುಕೊಂಡು ಬಂದಂತೆ ತೋರಿ ಕಿರಿಕಿರಿಯಾಗುತ್ತದೆ. ಹಣ ಕಡಿಮೆಯಿರುವವನು ೩೦ರ ೪ಕೆಗಿಂತ ೬೦ರ ಫುಲ್ ಎಚ್‌ಡಿಯನ್ನು ಆರಿಸಿಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ.

ಈಗ ಸಂಕೇತದ ಜಾತಿಯನ್ನು ನೋಡೋಣ. ಹಳೆಯ ಮಾನಿಟರುಗಳಲ್ಲಿ ಹದಿನೈದು ತೂತುಗಳ, ಸಾಮಾನ್ಯವಾಗಿ ನೀಲಿ ಬಣ್ಣದ ವಿಜಿಎ ಪೋರ್ಟು ಇರುತ್ತದೆ. ಇದು ೧೯೮೭ರಲ್ಲಿ ಐಬಿಎಂ ಸಂಸ್ಥೆಯ ಕಂಪ್ಯೂಟರುಗಳೊಡನೆ ಬಂದದ್ದು. ಇದರಲ್ಲಿ ಹರಿಯುವುದು ಬಿಟ್‌ಗಳಲ್ಲ, ಏರಿಳಿಯುವ ವೋಲ್ಟೇಜು: ಮೂರು ಬಣ್ಣಗಳಿಗೆ ಮೂರು ತಂತಿಗಳು, ಒಂದೊಂದರಲ್ಲಿಯೂ ಸೊನ್ನೆಯಾದರೆ ಕತ್ತಲು, ೦.೭ ವೋಲ್ಟಾದರೆ ಪೂರ್ಣ ಪ್ರಕಾಶ. ಎಚ್‌ಡಿಎಂಐಯಲ್ಲಿ ಇರುವುದಾದರೋ ಸೊನ್ನೆ ಒಂದುಗಳ ಸಾಲು. ಈ ಎರಡನ್ನು ಬರಿಯ ತಂತಿಯಿಂದ ಕೂಡಿಸಿದರೆ ಚಿತ್ರ ಬಾರದು. ನಡುವೆ ಸಂಖ್ಯೆಯನ್ನು ವೋಲ್ಟೇಜಾಗಿ ಮಾರ್ಪಡಿಸುವ ಚಿಪ್ಪೊಂದು ಇರಲೇಬೇಕು. ಅಂಥ ಪರಿವರ್ತಕ ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ. ಆದರೆ ಅದು ಒಮ್ಮುಖದ್ದೆಂಬುದನ್ನು ಮರೆಯಬಾರದು. ಎಚ್‌ಡಿಎಂಐಯಿಂದ ವಿಜಿಎಗೆ ತಿರುಗಿಸುವುದು ವಿಜಿಎಯಿಂದ ಎಚ್‌ಡಿಎಂಐಗೆ ತಿರುಗಿಸಲಾರದು. ತುದಿಗಳ ಆಕಾರ ಎರಡರಲ್ಲಿಯೂ ಒಂದೇ ಬಗೆಯಾದ್ದರಿಂದ ಇಲ್ಲಿ ಮೋಸಹೋಗುವುದು ಬಹು ಸುಲಭ. ಕಂಪ್ಯೂಟರು ಯಾವ ಕಡೆ, ಮಾನಿಟರು ಯಾವ ಕಡೆ ಎಂದು ಮೊದಲೇ ಹೇಳಿ ಕೇಳಬೇಕು.

ಈ ಪರಿವರ್ತಕದ ಚಿಪ್ಪಿಗೂ ವಿದ್ಯುತ್ತು ಬೇಕಷ್ಟೆ. ಎಚ್‌ಡಿಎಂಐಯ ಒಂದು ತಂತಿ ೫ ವೋಲ್ಟನ್ನು ಒದಗಿಸುತ್ತದೆ. ಆದರೆ ಕಂಪ್ಯೂಟರು ಅದರಲ್ಲಿ ಕೊಡಲೇಬೇಕಾದ ಪ್ರವಾಹ ೫೫ ಮಿಲಿ ಆಂಪಿಯರು ಮಾತ್ರ. ಚಿಪ್ಪು ಅದಕ್ಕಿಂತ ಹೆಚ್ಚು ಬೇಡಿದರೆ ಚಿತ್ರ ಬಂದು ಬಂದು ಹೋಗುತ್ತದೆ. ಪಕ್ಕದಲ್ಲಿ ಯುಎಸ್‌ಬಿ ತಂತಿಯಿಂದ ವಿದ್ಯುತ್ತನ್ನು ಪಡೆಯಲು ಸಣ್ಣ ತೂತಿರುವ ಪರಿವರ್ತಕವನ್ನು ಆರಿಸಿದರೆ ಈ ತೊಡಕಿಲ್ಲ.

ಇನ್ನೊಂದು ಮಾತು. ಮಾನಿಟರನ್ನು ಸೇರಿಸಿದೊಡನೆ ಅದು ತನ್ನ ಜಾತಕವನ್ನು ಕಂಪ್ಯೂಟರಿಗೆ ಒಪ್ಪಿಸುತ್ತದೆ: ತಾನು ಯಾರು, ತನ್ನಲ್ಲಿ ಎಷ್ಟು ಬಿಂದುಗಳು, ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಬದಲಾಯಿಸಬಲ್ಲೆ ಎಂಬುದೆಲ್ಲ ಅದರ ಮೊದಲ ೧೨೮ ಬೈಟುಗಳಲ್ಲಿ ಅಡಕವಾಗಿರುತ್ತದೆ. ಕೆಲವು ಅಗ್ಗದ ವಿಜಿಎ ಕೇಬಲುಗಳಲ್ಲಿ ಈ ಮಾತುಕತೆಗೆ ಬೇಕಾದ ತಂತಿಗಳನ್ನೇ ಹಾಕಿರುವುದಿಲ್ಲ. ಆಗ ಕಂಪ್ಯೂಟರು ಮಾನಿಟರಿನ ಗುರುತು ಹತ್ತದೆ ಕಡಿಮೆ ಬಿಂದುಗಳ ಮಸುಕಾದ ಚಿತ್ರವನ್ನು ಕಳುಹಿಸುತ್ತದೆ. ದೋಷ ಮಾನಿಟರಿನದಲ್ಲ, ಕೇಬಲಿನದು.

ಬಿಳಿಯ ಬಣ್ಣದ, ಸಾಲುಸಾಲು ತೂತುಗಳ ಡಿವಿಐ ಪೋರ್ಟು ಇರುವ ಮಾನಿಟರು ಸಿಕ್ಕಿದರೆ ಸಂತೋಷಪಡಬೇಕು. ೧೯೯೯ರ ಈ ಏರ್ಪಾಟಿನ ಚಿತ್ರಸಂಕೇತವೂ ಎಚ್‌ಡಿಎಂಐಯ ಚಿತ್ರಸಂಕೇತವೂ ಒಂದೇ ವಂಶದವು. ಚಿಪ್ಪಿಲ್ಲದ ಸಾದಾ ಕೇಬಲೇ ಸಾಕು. ಧ್ವನಿಯನ್ನು ಮಾತ್ರ ಲ್ಯಾಪ್‌ಟಾಪಿನಿಂದಲೇ ಕೇಳಬೇಕಾದೀತು.

ಹೊಸ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನ ಗೊಂದಲವನ್ನು ಉಂಟುಮಾಡುವುದು ಅಂಡಾಕಾರದ ಯುಎಸ್‌ಬಿ-ಸಿ ಪೋರ್ಟು. ೨೦೧೪ರಲ್ಲಿ ರೂಪುಗೊಂಡ ಇದರಲ್ಲಿ ೨೪ ಸಂಪರ್ಕಗಳಿವೆ. ಅವುಗಳಲ್ಲಿ ಅತಿವೇಗದ ನಾಲ್ಕು ಜೋಡಿ ತಂತಿಗಳಿಗೆ ಸ್ಥಳವುಂಟು. ಕಂಪ್ಯೂಟರಿನ ತಯಾರಕರು ಏರ್ಪಡಿಸಿದ್ದರೆ ಈ ಜೋಡಿಗಳನ್ನು ಡಿಸ್‌ಪ್ಲೇಪೋರ್ಟ್ ಎಂಬ ಚಿತ್ರಸಂಕೇತಕ್ಕೆ ಬಿಟ್ಟುಕೊಡಬಹುದು. ‘ಏರ್ಪಡಿಸಿದ್ದರೆ’ ಎಂಬ ಮಾತನ್ನು ಗಮನಿಸಬೇಕು. ಅದೇ ಆಕಾರದ ಪೋರ್ಟು ಅಗ್ಗದ ಲ್ಯಾಪ್‌ಟಾಪಿನಲ್ಲಿ ಕಡತಗಳನ್ನು ಸಾಗಿಸುವುದಕ್ಕೆ ಮಾತ್ರ ಇದ್ದೀತು. ಪೋರ್ಟಿನ ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟಿನ ಗುರುತೋ ಥಂಡರ್‌ಬೋಲ್ಟಿನ ಮಿಂಚಿನ ಬಾಣವೋ ಇದ್ದರೆ ಚಿತ್ರ ಬರುವುದೆಂದು ತಿಳಿಯಬಹುದು. ಗುರುತಿಲ್ಲದಿದ್ದರೆ ತಯಾರಕರ ವಿವರಣಪತ್ರವನ್ನು ನೋಡಿಯೇ ಹಣ ಕೊಡಬೇಕು. ಮೊಬೈಲ್ ಫೋನಿನ ಚಾರ್ಜರಿನೊಡನೆ ಬಂದ ಕೇಬಲು ಎರಡು ತುದಿಗಳಲ್ಲಿಯೂ ಸರಿಯಾಗಿ ಕೂರುತ್ತದೆ, ಆದರೆ ಅನೇಕ ವೇಳೆ ಅದರೊಳಗೆ ಅತಿವೇಗದ ಜೋಡಿಗಳೇ ಇರುವುದಿಲ್ಲ. ಅದರಲ್ಲಿ ಚಿತ್ರ ಬರಲಿಲ್ಲವೆಂದು ಲ್ಯಾಪ್‌ಟಾಪನ್ನು ದೂರುವುದು ಅನ್ಯಾಯ.

ನಾಲ್ಕು ಜೋಡಿಗಳೂ ಚಿತ್ರಕ್ಕೇ ಸಿಕ್ಕುವುವೆಂಬ ಭರವಸೆಯೂ ಇಲ್ಲ. ಹಬ್ಬಿನಲ್ಲಿ ವೇಗದ ಯುಎಸ್‌ಬಿ ಪೋರ್ಟುಗಳಿದ್ದರೆ ಎರಡು ಜೋಡಿಗಳು ಅವಕ್ಕೆ ಹೋಗಿ ಚಿತ್ರಕ್ಕೆ ಎರಡೇ ಉಳಿಯುವುದು ಸಾಮಾನ್ಯ. ಡಿಸ್‌ಪ್ಲೇಪೋರ್ಟ್ ೧.೨ರಲ್ಲಿ ಜೋಡಿಯೊಂದಕ್ಕೆ ಉಪಯೋಗಕ್ಕೆ ಬರುವ ವೇಗ ೪೩೨ ಕೋಟಿ. ಎರಡಕ್ಕೆ ೮೬೪, ನಾಲ್ಕಕ್ಕೆ ೧೭೨೮. ನಮ್ಮ ಹಿಂದಿನ ಸಂಖ್ಯೆಗಳನ್ನು ಇದರೊಡನೆ ಹೋಲಿಸಿ ನೋಡಿ. ೬೦ರ ೪ಕೆ ೮೬೪ರಲ್ಲಿ ಹಿಡಿಯದು. ಆದರೆ ಎರಡು ಫುಲ್ ಎಚ್‌ಡಿ ಮಾನಿಟರುಗಳಿಗೆ ಬೇಕಾದದ್ದು ೩೫೬ರ ಎರಡರಷ್ಟು, ಸುಮಾರು ೭೧೩, ಅದು ಹಿಡಿಯುತ್ತದೆ! ಒಂದೇ ಪೋರ್ಟಿನಿಂದ ಎರಡು ಹಳೆಯ ಮಾನಿಟರುಗಳಿಗೆ ಬೇರೆ ಬೇರೆ ಚಿತ್ರವನ್ನು ಹಂಚುವ, ಎಂಎಸ್‌ಟಿ ಎಂದು ಕರೆಯುವ ಹಬ್ಬುಗಳು ಇರುವುದು ಈ ಲೆಕ್ಕದ ಬಲದಿಂದಲೇ. ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಪೋರ್ಟೂ ಚಿತ್ರ ಕೊಡುವ ಯುಎಸ್‌ಬಿ-ಸಿ ಪೋರ್ಟೂ ಎರಡೂ ಇದ್ದರೆ, ಒಂದೊಂದಕ್ಕೆ ಒಂದೊಂದು ಮಾನಿಟರನ್ನು ಕೊಡುವುದು ಇದಕ್ಕಿಂತಲೂ ಅಗ್ಗ.

ಕೇಬಲಿನಲ್ಲಿ ಜಾಗವಿದ್ದರೂ ಕಂಪ್ಯೂಟರು ಒಪ್ಪಬೇಕು. ಸ್ಮೃತಿಯಿಂದ ಚಿತ್ರವನ್ನು ಓದಿ ಹೊರಗೆ ಸುರಿಯುವ ಅಂಗವೊಂದು ತೆರೆಗೊಂದರಂತೆ ಚಿಪ್ಪಿನೊಳಗೆ ಇರಬೇಕಾಗುತ್ತದೆ. ೨೦೨೦ರ ಎಂ೧ ಮತ್ತು ೨೦೨೨ರ ಎಂ೨ ಚಿಪ್ಪಿನ ಮ್ಯಾಕ್‌ಬುಕ್ ಏರ್‌ಗಳು ಹೊರಗಿನ ಒಂದೇ ಮಾನಿಟರನ್ನು ನಡೆಸುತ್ತವೆ. ೨೦೨೪ರ ಎಂ೩ ಮಾದರಿ ಮುಚ್ಚಳ ಮುಚ್ಚಿದ್ದರೆ ಎರಡನ್ನು ನಡೆಸುತ್ತದೆ. ೨೦೨೫ರ ಎಂ೪ ಮಾದರಿ ಮುಚ್ಚಳ ತೆರೆದಿದ್ದರೂ ಎರಡನ್ನು ನಡೆಸುತ್ತದೆ. ಅಲ್ಲದೆ ಮ್ಯಾಕ್‌ಗಳಲ್ಲಿ ಎಂಎಸ್‌ಟಿ ಹಬ್ಬಿನಿಂದ ಎರಡು ತೆರೆಗಳ ಮೇಲೆ ಬೇರೆ ಬೇರೆ ಚಿತ್ರ ಬರುವುದಿಲ್ಲ. ಇಂಥಲ್ಲಿ ಡಿಸ್‌ಪ್ಲೇಲಿಂಕ್ ಎಂಬ ಮತ್ತೊಂದು ಉಪಾಯವಿದೆ: ಕಂಪ್ಯೂಟರಿನಲ್ಲಿ ಹಾಕಿದ ತಂತ್ರಾಂಶವೊಂದು ಚಿತ್ರವನ್ನು ಕುಗ್ಗಿಸಿ ಸಾಮಾನ್ಯ ಕಡತದಂತೆ ಯುಎಸ್‌ಬಿಯಲ್ಲಿ ಕಳುಹಿಸುತ್ತದೆ, ಹೊರಗಿನ ಚಿಪ್ಪು ಅದನ್ನು ಬಿಡಿಸಿ ತೆರೆಗೆ ಕೊಡುತ್ತದೆ. ಬರವಣಿಗೆಗೆ ಇದು ಚೆನ್ನು, ವೇಗದ ಆಟಗಳಿಗೆ ಸಾಲದು, ಬೆಲೆಯೂ ಹೆಚ್ಚು. ಹಣ ಮಿತವಾಗಿರುವವರಿಗೆ ನಾವು ಇದನ್ನು ಕೊನೆಯ ದಾರಿಯಾಗಿ ಮಾತ್ರ ಹೇಳುತ್ತೇವೆ.

ಕೇಬಲಿನ ಗುಣದ ವಿಷಯದಲ್ಲಿ ಭೌತಶಾಸ್ತ್ರದ ಒಂದು ಅಂಶವನ್ನು ಹೇಳದೆ ಮುಂದುವರಿಯಲಾರೆವು. ಮನೆಯ ೫೦ ಆವರ್ತಗಳ ವಿದ್ಯುತ್ತು ತಾಮ್ರದ ತಂತಿಯ ಒಳಗೆಲ್ಲ ಹರಡಿ ಹರಿಯುತ್ತದೆ. ಸೆಕೆಂಡಿಗೆ ನೂರು ಕೋಟಿ ಆವರ್ತಗಳಾದಾಗ ಅದು ಮೇಲುಚರ್ಮದ ಸುಮಾರು ೨ ಮೈಕ್ರಾನು ದಪ್ಪದಲ್ಲಿಯೇ ಹರಿಯತೊಡಗುತ್ತದೆ. ದಾರಿ ಹೀಗೆ ಕಿರಿದಾದಷ್ಟೂ ರೋಧ ಹೆಚ್ಚಿ, ಕೇಬಲು ಉದ್ದವಾದಷ್ಟೂ ಸಂಕೇತ ಸೊರಗುತ್ತದೆ. ಆದುದರಿಂದ ೬೦ರ ೪ಕೆಗೆ ಎರಡು ಮೀಟರಿನೊಳಗಿನ, ‘ಪ್ರೀಮಿಯಂ ಹೈ ಸ್ಪೀಡ್’ ಎಂಬ ಪ್ರಮಾಣಪತ್ರದ ಚೀಟಿಯಿರುವ ಎಚ್‌ಡಿಎಂಐ ಕೇಬಲು ತಕ್ಕದ್ದು. ಚಿನ್ನದ ಲೇಪವು ತುದಿ ಕಿಲುಬುಗಟ್ಟದಂತೆ ಕಾಪಾಡುತ್ತದೆಯೇ ಹೊರತು ಚಿತ್ರದ ಬಣ್ಣವನ್ನು ಹೆಚ್ಚಿಸುವುದಿಲ್ಲ. ಸೊನ್ನೆಯು ಸೊನ್ನೆಯಾಗಿ, ಒಂದು ಒಂದಾಗಿ ತಲುಪಿದರೆ ಚಿತ್ರ ಪೂರ್ಣ. ತಲುಪದಿದ್ದರೆ ಅಲ್ಲಲ್ಲಿ ಕಿಡಿಯಂತಹ ಚುಕ್ಕೆಗಳು ಮಿನುಗುತ್ತವೆ, ಇಲ್ಲವೆ ತೆರೆಯೇ ಆಗಾಗ ಕಪ್ಪಾಗುತ್ತದೆ.

ಹಳೆಯ ಮಾನಿಟರನ್ನು ಕೊಳ್ಳಲು ಹೋಗುವಾಗ ಲ್ಯಾಪ್‌ಟಾಪನ್ನೂ ಅದರ ಚಾರ್ಜರನ್ನೂ ಜೊತೆಯಲ್ಲಿಯೇ ಒಯ್ಯಿರಿ. ಅಂಗಡಿಯಲ್ಲಿಯೇ ಕೂಡಿಸಿ, ಇಡೀ ತೆರೆಯನ್ನು ಒಮ್ಮೆ ಬಿಳಿಯಾಗಿಯೂ ಒಮ್ಮೆ ಕಪ್ಪಾಗಿಯೂ ಮಾಡಿ, ಸತ್ತ ಬಿಂದುಗಳನ್ನೂ ಅಂಚಿನ ಬೆಳಕನ್ನೂ ಹತ್ತು ನಿಮಿಷ ನೋಡಬೇಕು. ಅನಂತರ ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್‌ಡ್ ಎಂಬ ಭಾಗವನ್ನು ತೆರೆದು, ಅಲ್ಲಿ ಕಾಣುವ ಬಿಂದುಗಳ ಸಂಖ್ಯೆಯೂ ಸೆಕೆಂಡಿನ ಆವರ್ತವೂ ಮಾನಿಟರಿನ ಬೆನ್ನಿನ ಮೇಲಿನ ಮಾದರಿಸಂಖ್ಯೆಯ ವಿವರಕ್ಕೆ ಸರಿಹೊಂದುತ್ತವೆಯೇ ಎಂದು ಪರೀಕ್ಷಿಸಬೇಕು. ೬೦ ಇರಬೇಕಾದಲ್ಲಿ ೩೦ ಇದ್ದರೆ, ಪರಿವರ್ತಕವನ್ನೋ ಕೇಬಲನ್ನೋ ಬದಲಾಯಿಸಿಕೊಡುವಂತೆ ಅಲ್ಲಿಯೇ ಕೇಳಬಹುದು.