ಪರದೇಶದ ಒಂದು ಸೆಮಿಸ್ಟರ್

ಬೈಲಹೊಂಗಲ, ಸವದತ್ತಿಯಂಥ ಊರುಗಳಿಂದ ಮಗನೋ ಮಗಳೋ ಒಂದು ಸೆಮಿಸ್ಟರ್ ಓದಲು ಪರದೇಶಕ್ಕೆ ಹೊರಟರೆ ತಾಯಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತಾಳೆ. ‘ಅಲ್ಲಿ ವಿಶ್ವಾಸ ಉಳಿದೀತೇ?’ ಎಂಬ ಅಂಜಿಕೆಯೂ ಅವಳಿಗಿರುತ್ತದೆ.

ಸಂತ ಫ್ರಾನ್ಸಿಸ್ ಝೇವಿಯರರೂ ಪರದೇಶದಲ್ಲಿ ಓದಿದವರೇ. 1525ರಲ್ಲಿ ನವಾರದಿಂದ ಪ್ಯಾರಿಸಿಗೆ ಹೋದದ್ದು ಹೆಸರು, ಪದವಿಗಳ ಆಸೆಯಿಂದ. ಅಲ್ಲಿ ಒಂದೇ ಕೋಣೆಯಲ್ಲಿ ಜೊತೆಯಾದವರು ಪೀಟರ್ ಫೇಬರ್ ಮತ್ತು ಇಗ್ನೇಷಿಯಸ್ ಲೊಯೋಲ. ಮೊದಮೊದಲು ಇಗ್ನೇಷಿಯಸರ ಮಾತು ಹಿಡಿಸಲಿಲ್ಲ. ಆದರೂ ಆ ಗೆಳೆತನವೇ ಅವರನ್ನು 1534ರಲ್ಲಿ ದೇವರ ಸೇವೆಯ ಪ್ರತಿಜ್ಞೆಗೆ, 1542ರಲ್ಲಿ ನಮ್ಮ ನೆರೆಯ ಗೋವೆಗೆ ತಂದಿತು.

ಪ್ರಿಯ ವಿದ್ಯಾರ್ಥಿಗಳೇ, ನಮ್ಮವರ ಗುಂಪಿನಲ್ಲೇ ದಿನ ಕಳೆಯಬೇಡಿರಿ. ಒಳ್ಳೆಯ ಗೆಳೆಯರನ್ನು ಹುಡುಕಿಕೊಳ್ಳಿರಿ. ಮೊದಲ ಭಾನುವಾರವೇ ಹತ್ತಿರದ ದೇವಾಲಯಕ್ಕೆ ಹೋಗಿರಿ. ಭಾಷೆ ಬೇರೆಯಾದರೂ ಬಲಿಪೂಜೆ ಅದೇ. ತಂದೆತಾಯಿಗಳೇ, ಫೋನಿನಲ್ಲಿ ಅಂಕಗಳನ್ನು ಕೇಳುವ ಮುನ್ನ ಗೆಳೆಯರು ಯಾರೆಂದು ಕೇಳಿರಿ.