ಡಬ್ಬಿಯ ಪುಡಿಯೋ, ಮೊಳಕೆ ರಾಗಿಯೋ?

‘ಡಾಕ್ಟ್ರೇ, ಮಗು ಸರಿಯಾಗಿ ಊಟ ಮಾಡೋದಿಲ್ಲ. ಹಾಲಿಗೆ ಯಾವ ಪುಡಿ ಹಾಕಿ ಕೊಡ್ಲಿ?’ ತಾಯಂದಿರು ನನ್ನಲ್ಲಿ ಪದೇ ಪದೇ ಕೇಳುವ ಪ್ರಶ್ನೆ ಇದು. ಹಿಂದೆ ಇಂಥ ಪುಡಿಗಳ ಜಾಹೀರಾತು ಟಿ.ವಿ. ಧಾರಾವಾಹಿಯ ನಡುವೆ ಬರುತ್ತಿತ್ತು. ಅದು ಜಾಹೀರಾತು ಎಂದು ನೋಡುವವರಿಗೆ ತಿಳಿಯುತ್ತಿತ್ತು. ಈಗ ಅದೇ ಮಾತು ಮೊಬೈಲಿನ ರೀಲ್ಸ್‌ನಲ್ಲಿ ಪಕ್ಕದ ಮನೆಯಾಕೆ ಹೇಳಿದ ಹಿತವಚನದಂತೆ ಬರುತ್ತದೆ. ಯಾವುದು ಸಲಹೆ, ಯಾವುದು ಮಾರಾಟ ಎಂದು ಬೇರ್ಪಡಿಸುವುದು ಕಷ್ಟವಾಗಿದೆ.

ಡಬ್ಬಿಯೊಳಗೆ ಏನಿದೆ?

2023ರ ಏಪ್ರಿಲ್‌ನಲ್ಲಿ ಬೋರ್ನ್‌ವಿಟಾದಲ್ಲಿರುವ ಸಕ್ಕರೆಯ ಬಗ್ಗೆ ಒಂದು ವಿಡಿಯೊ ದೇಶದಾದ್ಯಂತ ಹರಿದಾಡಿತು. ಅದೇ ವರ್ಷದ ಕೊನೆಗೆ ಕಂಪನಿಯು 100 ಗ್ರಾಂ ಪುಡಿಯಲ್ಲಿ ಸೇರಿಸುವ ಸಕ್ಕರೆಯನ್ನು ಸುಮಾರು 37 ಗ್ರಾಂನಿಂದ 32 ಗ್ರಾಂಗೆ ಇಳಿಸಿತು. ಮೊಬೈಲಿನಿಂದ ಒಳ್ಳೆಯದೂ ಆಗಬಹುದು ಎಂಬುದಕ್ಕೆ ಇದು ಉದಾಹರಣೆ.

ಆದರೆ 32 ಗ್ರಾಂ ಕೂಡ ಸಣ್ಣ ಪ್ರಮಾಣವಲ್ಲ. ಲೆಕ್ಕ ಹಾಕಿ ನೋಡಿ. ಒಂದು ಲೋಟ ಹಾಲಿಗೆ 20 ಗ್ರಾಂ ಪುಡಿ ಹಾಕಿದರೆ ಅದರಲ್ಲಿ ಆರು ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆ. ದಿನಕ್ಕೆ ಎರಡು ಲೋಟವಾದರೆ ಸುಮಾರು 13 ಗ್ರಾಂ. ರುಚಿಗೆಂದು ಮನೆಯಲ್ಲಿ ಲೋಟಕ್ಕೊಂದು ಚಮಚ ಸಕ್ಕರೆ ಸೇರಿಸಿದರೆ 23 ಗ್ರಾಂ. ಬಿಸ್ಕತ್ತು, ಚಾಕಲೇಟು ಬೇರೆ! ಒಟ್ಟು ಶಕ್ತಿಯ ಶೇ 5ಕ್ಕಿಂತ ಹೆಚ್ಚು ಇಂಥ ಸಕ್ಕರೆಯಿಂದ ಬಾರದಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. 2000 ಕ್ಯಾಲರಿ ತಿನ್ನುವ ದೊಡ್ಡವರಿಗೆ ಇದು 25 ಗ್ರಾಂ ಆಗುತ್ತದೆ. ಮಕ್ಕಳಿಗೆ ಇನ್ನೂ ಕಡಿಮೆ.

ಊಟಕ್ಕೆ ಅರ್ಧ ಗಂಟೆ ಮೊದಲು ಸಿಹಿ ಹಾಲು ಕುಡಿದ ಮಗು ಊಟ ಬೇಡವೆನ್ನುವುದು ಸಹಜ. ಊಟ ಮಾಡಲಿಲ್ಲವೆಂದು ಮತ್ತೊಂದು ಲೋಟ ಹಾಲು! ಹಾಲಿನಲ್ಲಿ ಕಬ್ಬಿಣಾಂಶ ಬಹಳ ಕಡಿಮೆ. ಹೀಗೆ ಹಾಲಿನ ಮೇಲೇ ಬೆಳೆದ ಮಗುವಿಗೆ ರಕ್ತಹೀನತೆ ಬರುತ್ತದೆ. ರಕ್ತಹೀನತೆಯಿಂದ ಹಸಿವು ಮತ್ತಷ್ಟು ಕುಗ್ಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಶೇ 67ರಷ್ಟು ಮಕ್ಕಳಲ್ಲಿ ರಕ್ತಹೀನತೆಯಿದೆ.

ಹೆಸರು ಬದಲಾಯಿತು

‘ಹೆಲ್ತ್ ಡ್ರಿಂಕ್’ ಎಂಬ ಪದಕ್ಕೆ 2006ರ ಆಹಾರ ಸುರಕ್ಷತಾ ಕಾಯಿದೆಯಲ್ಲಿ ವ್ಯಾಖ್ಯೆಯೇ ಇಲ್ಲ. ಹಾಗಾಗಿ 2024ರ ಏಪ್ರಿಲ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೂ ಕೇಂದ್ರ ವಾಣಿಜ್ಯ ಸಚಿವಾಲಯವೂ ಇಂಥ ಪಾನೀಯಗಳನ್ನು ಆ ಹೆಸರಿನಡಿ ಮಾರಬಾರದೆಂದು ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿದವು. ಹಾರ್ಲಿಕ್ಸ್ ಕೂಡ ತನ್ನ ವರ್ಗದ ಹೆಸರಿನಿಂದ ‘ಹೆಲ್ತ್’ ಪದವನ್ನು ಕೈಬಿಟ್ಟಿತು. ಡಬ್ಬಿಯ ಮುಂಭಾಗದ ದೊಡ್ಡ ಅಕ್ಷರಗಳಿಗಿಂತ ಹಿಂಭಾಗದ ಸಣ್ಣ ಅಕ್ಷರಗಳೇ ಮುಖ್ಯ. ಅಲ್ಲಿ ಪದಾರ್ಥಗಳನ್ನು ತೂಕದ ಕ್ರಮದಲ್ಲಿ ಮುದ್ರಿಸಿರುತ್ತಾರೆ. ಮೊದಲ ಮೂರರಲ್ಲಿ ಸಕ್ಕರೆಯೋ ಗ್ಲೂಕೋಸ್ ಸಿರಪ್ಪೋ ಇದ್ದರೆ ಅದು ಸಿಹಿತಿಂಡಿಯೆಂದೇ ತಿಳಿಯಿರಿ.

ಎರಡು ವರ್ಷದೊಳಗಿನ ಶಿಶುಗಳ ಆಹಾರದ ಜಾಹೀರಾತನ್ನು 1992ರ ಕಾಯಿದೆ ಮತ್ತು ಅದರ 2003ರ ತಿದ್ದುಪಡಿ ನಿಷೇಧಿಸಿವೆ. ಎರಡು ವರ್ಷ ದಾಟಿದ ಮಗುವಿಗೆ ಆ ಕಾಯಿದೆಯ ರಕ್ಷಣೆಯಿಲ್ಲ. ಅಲ್ಲಿಂದ ಮುಂದೆ ತಾಯಿತಂದೆಯರ ವಿವೇಕವೇ ಕಾವಲು.

ಹಿತ್ತಲ ಗಿಡವೂ ಮದ್ದು

ನಮ್ಮ ರಾಗಿಯ 100 ಗ್ರಾಂನಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಅಕ್ಕಿಯಲ್ಲಿರುವುದು 10 ಮಿಲಿಗ್ರಾಂ ಆಸುಪಾಸು. ರಾಗಿಯನ್ನು ಮೊಳಕೆ ಬರಿಸಿದರೆ ಎರಡು ಲಾಭಗಳಿವೆ. ಖನಿಜಾಂಶಗಳು ದೇಹಕ್ಕೆ ಸೇರದಂತೆ ತಡೆಯುವ ಫೈಟೇಟ್ ಕಡಿಮೆಯಾಗುತ್ತದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವವು ಪಿಷ್ಟವನ್ನು ಒಡೆದು ಗಂಜಿಯನ್ನು ತೆಳ್ಳಗಾಗಿಸುತ್ತದೆ. ಹೀಗಾಗಿ ಪುಟ್ಟ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ಸಣ್ಣ ಹೊಟ್ಟೆಯ ಮಗುವಿಗೆ ಇದು ದೊಡ್ಡ ಅನುಕೂಲ.

ಮಾಡುವ ವಿಧಾನ: ಒಂದು ಕಿಲೋ ರಾಗಿಯನ್ನು ಕೇರಿ, ಕಲ್ಲು ಆರಿಸಿ, ನಾಲ್ಕೈದು ಸಲ ತೊಳೆಯಿರಿ. ರಾತ್ರಿಯಿಡೀ ನೆನೆಸಿ ನೀರು ಬಸಿಯಿರಿ. ತೆಳುವಾದ ಒದ್ದೆ ಬಟ್ಟೆಯಲ್ಲಿ ಕಟ್ಟಿ, ಆಗಾಗ ನೀರು ಚಿಮುಕಿಸುತ್ತಾ ಒಂದೂವರೆ ದಿನ ಇಡಿ. ಮೊಳಕೆ ಬಂದ ಮೇಲೆ ಚೆನ್ನಾಗಿ ಒಣಗಿಸಿ, ಕೈಯಿಂದ ಉಜ್ಜಿ ಮೊಳಕೆ ಉದುರಿಸಿ. ಸಣ್ಣ ಉರಿಯಲ್ಲಿ ಪರಿಮಳ ಬರುವಷ್ಟು ಮಾತ್ರ ಹುರಿಯಿರಿ. ಹೆಚ್ಚು ಹುರಿದರೆ ಕಿಣ್ವ ಕೆಡುತ್ತದೆ. ಬಳಿಕ ಗಿರಣಿಯಲ್ಲಿ ಬೀಸಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಹುಳಿ ವಾಸನೆ ಬಂದರೆ, ಬೂಷ್ಟು ಕಂಡರೆ ಚೆಲ್ಲಿಬಿಡಿ. ಮಳೆಗಾಲದಲ್ಲಿ ಸ್ವಲ್ಪವೇ ಮಾಡಿಕೊಳ್ಳುವುದು ಲೇಸು.

ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಐದಾರು ನಿಮಿಷ ಕುದಿಸಿ, ಹಾಲು ಬೆರೆಸಿ. ರಾಗಿಯಲ್ಲಿ ಪ್ರೋಟೀನ್ ಶೇ 7ರಷ್ಟೇ ಇರುವುದರಿಂದ, ಮೂರು ಪಾಲು ರಾಗಿಗೆ ಒಂದು ಪಾಲು ಹುರಿದ ಹೆಸರುಕಾಳು ಸೇರಿಸಿ ಬೀಸಿಸಿದರೆ ಇನ್ನೂ ಉತ್ತಮ. ಆರು ತಿಂಗಳು ತುಂಬಿದ ಶಿಶುವಿಗೆ ಇದನ್ನು ಸಿಹಿಯಿಲ್ಲದೆ ಕೊಡಿ. ಎದೆಹಾಲು ಮುಂದುವರಿಯಲಿ.

ಎಚ್ಚರಿಕೆಯ ಮಾತು

ರಾಗಿಯ ಬಗ್ಗೆಯೂ ಅತಿಶಯೋಕ್ತಿ ಬೇಡ. ಬೆಲ್ಲವೂ ಸಕ್ಕರೆಯೇ. ಅದರಲ್ಲಿನ ಕಬ್ಬಿಣ ನಂಬಿ ಧಾರಾಳವಾಗಿ ಹಾಕಬೇಡಿ. ‘ರಾಗಿ ಸಕ್ಕರೆ ಕಾಯಿಲೆಗೆ ಮದ್ದು’ ಎಂಬ ರೀಲ್ಸ್ ನೋಡಿ ಮಧುಮೇಹಿಗಳು ದೊಡ್ಡ ಲೋಟದಲ್ಲಿ ಗಂಜಿ ಕುಡಿಯುವುದುಂಟು. ತೆಳು ಗಂಜಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಅವರಿಗೆ ಸೊಪ್ಪಿನ ಸಾರಿನೊಡನೆ ಮಿತವಾದ ಮುದ್ದೆಯೇ ವಾಸಿ. ಮಾತ್ರೆಯನ್ನಂತೂ ನಿಲ್ಲಿಸಲೇಬಾರದು.

ಗುಲಾಬಿ ಬಣ್ಣದ ಕಲ್ಲುಪ್ಪಿನ ಕಥೆಯೂ ಹೀಗೆಯೇ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ರಕ್ತದೊತ್ತಡಕ್ಕೆ ಅದರಿಂದ ರಿಯಾಯಿತಿ ಇಲ್ಲ. ಅಯೋಡಿನ್ ಸೇರಿಸದ ಉಪ್ಪನ್ನೇ ಬಳಸುವ ಮನೆಯಲ್ಲಿ ಗಳಗಂಡದ ಅಪಾಯವಿದೆ. ಬಸುರಿಯರಿಗೆ ಅಯೋಡಿನ್ ಸಾಲದಿದ್ದರೆ ಹುಟ್ಟುವ ಮಗುವಿನ ಬುದ್ಧಿಯ ಬೆಳವಣಿಗೆಗೇ ಧಕ್ಕೆ.

ಹಣ ಪಡೆದು ಪ್ರಚಾರ ಮಾಡುವವರು ಅದನ್ನು ತಿಳಿಸಬೇಕು, ಆರೋಗ್ಯ ತಜ್ಞರೆಂದು ಹೇಳಿಕೊಳ್ಳುವವರು ತಮ್ಮ ಅರ್ಹತೆಯನ್ನು ಹೇಳಬೇಕು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ನಿಯಮ ಮಾಡಿದೆ. ಯಾವುದೇ ಸಲಹೆ ಕೇಳಿದಾಗ ಮೂರು ಪ್ರಶ್ನೆ ಹಾಕಿಕೊಳ್ಳಿ: ಹೇಳುವವರು ಯಾರು? ಇದರಿಂದ ಅವರಿಗೇನು ಲಾಭ? ಯಾರಿಗೆ ಇದು ಆಗದು ಎಂದು ಹೇಳಿದ್ದಾರೆಯೇ?

ಮಗು ಊಟ ಬಿಟ್ಟರೆ ಮೊದಲು ಹಾಲಿನ ಲೋಟಗಳನ್ನು ಎಣಿಸಿ. ಊಟಕ್ಕೂ ಹಾಲಿಗೂ ಎರಡು ಗಂಟೆ ಅಂತರವಿರಲಿ. ಎರಡು ವಾರದಲ್ಲಿ ಹಸಿವು ಸುಧಾರಿಸದಿದ್ದರೆ, ತೂಕ ಏರದಿದ್ದರೆ, ಮಗು ಬಿಳಿಚಿಕೊಂಡಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಜಂತುಹುಳು, ರಕ್ತಹೀನತೆ, ಮೂತ್ರದ ಸೋಂಕು ಇವ್ಯಾವುದಕ್ಕೂ ಯಾವ ಪುಡಿಯೂ ಚಿಕಿತ್ಸೆಯಲ್ಲ.